ಜಾಲಪುಟಗಳಲ್ಲಿ ಕ್ರಮವಿಚಾರ

ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿಕೊಟ್ಟಿದೆ. ಆದರೆ ಅದು ಕಣ್ಣುಳ್ಳವರಿಗೆ ಮಾತ್ರ. ಈಗ ಶಾಸನಗಳೂ ನಿಘಂಟುಗಳೂ ಅಂತರ್ಜಾಲಕ್ಕೆ ಬಂದಿರುವುದರಿಂದ, ದೃಷ್ಟಿಯಿಲ್ಲದ ವಿದ್ವಾಂಸರೂ ಪರದೆವಾಚಕದ ಧ್ವನಿಯನ್ನಾಲಿಸಿ ಸ್ವತಂತ್ರವಾಗಿ ವ್ಯಾಸಂಗಮಾಡಬಹುದಾಗಿದೆ. ಅವರಿಗೆ ಮೌಸು ನಿರುಪಯುಕ್ತ. ಕೈ ನಡುಗುವ ವೃದ್ಧರಿಗೂ ಪ್ರಾಯಶಃ ಹಾಗೆಯೇ. ಟ್ಯಾಬ್ ಕೀಲಿಯಿಂದ ಮುನ್ನಡೆ, ಶಿಫ್ಟನ್ನು ಕೂಡಿಸಿದರೆ ಹಿನ್ನಡೆ, ಎಂಟರಿನಿಂದ ಪ್ರವೇಶ: ಕೀಲಿಮಣೆಯೇ ಗತಿ.

ನಾನು ಪರಿಶೀಲಿಸಿದ ಒಂದು ಶಾಸನಶೋಧಪುಟವು ನೋಟಕ್ಕೆ ರಮಣೀಯವಾಗಿದೆ. ಅದರಲ್ಲಿ ಕೊರಟಗೆರೆ, ಪಾವಗಡ, ಮಧುಗಿರಿ, ಸಿರಾ ಮೊದಲಾದ ಹೆಸರುಗಳ ಪಟ್ಟಿಯೊಂದುಂಟು. ಸಹಜವಾದ ಆಯ್ಕೆಪೆಟ್ಟಿಗೆಯಾಗಿದ್ದರೆ ಬಾಣದ ಕೀಲಿಗಳಿಂದ ಸಿರಾವನ್ನು ಆರಿಸಬಹುದಿತ್ತು. ರಚಿಸಿದವರು ಅದನ್ನು ಬಿಟ್ಟು ಬರಿಯ ಚೌಕಗಳಿಂದ ಅದರ ವೇಷವನ್ನು ಕಟ್ಟಿದ್ದಾರೆ. ಟ್ಯಾಬ್ ಕೀಲಿ ಅದನ್ನು ಮುಟ್ಟದೆಯೇ ದಾಟಿಹೋಗುತ್ತದೆ. ಕೆಳಗಡೆ ವರ್ಣಮಾಲೆ, ಒಂದೊಂದು ಅಕ್ಷರಕ್ಕೂ ಒಂದೊಂದು ನಿಲುಗಡೆ! ಮಾಲೆಗೆಲ್ಲ ಒಂದೇ ನಿಲುಗಡೆಯನ್ನಿತ್ತು, ಒಳಗಿನ ಸಂಚಾರವನ್ನು ಬಾಣಗಳಿಗೆ ಬಿಡುವುದು ಯುಕ್ತ.

ಇನ್ನು ಕ್ರಮದ ವಿಷಯ. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳಿಂದ ಮೀಮಾಂಸಕರು ಕ್ರಮವನ್ನು ನಿರ್ಣಯಿಸುತ್ತಾರೆ. ಅಗ್ನಿಹೋತ್ರಹೋಮವು ಮೊದಲು, ಗಂಜಿಯ ಪಾಕವು ಅನಂತರ ಪಠಿತವಾಗಿದ್ದರೂ, ಹೋಮಕ್ಕೆ ಗಂಜಿಯೇ ದ್ರವ್ಯವಾದುದರಿಂದ ಪಾಕವೇ ಮೊದಲು ನಡೆಯತಕ್ಕದ್ದು. ಪಾಠಕ್ರಮಕ್ಕಿಂತ ಅರ್ಥಕ್ರಮ ಬಲವತ್ತರ. ಯಂತ್ರವು ಈ ನ್ಯಾಯವನ್ನರಿಯದು. ವಿನ್ಯಾಸಸೂತ್ರಗಳಿಂದ ಪರದೆಯ ಮೇಲಣ ಸ್ಥಾನವನ್ನು ಎಷ್ಟು ಬದಲಾಯಿಸಿದರೂ ಟ್ಯಾಬ್ ಕೀಲಿಯು ಮೂಲಸಂಕೇತದ ಪಾಠಕ್ರಮವನ್ನೇ ಹಿಡಿದು ನಡೆಯುತ್ತದೆ. ಆದಕಾರಣ ಪಾಠವನ್ನೇ ಅರ್ಥಾನುಗುಣವಾಗಿ ರಚಿಸಬೇಕು. ಕೆಲವರು ಅಂಶಗಳಿಗೆ ಒಂದು, ಎರಡು ಎಂದು ಸಂಖ್ಯೆ ಹಚ್ಚಿ ಕ್ರಮವನ್ನು ತಿದ್ದಹೊರಡುವರು. ಸಂಖ್ಯೆಯುಳ್ಳವು ಮಿಕ್ಕೆಲ್ಲವನ್ನೂ ಹಿಂದಿಕ್ಕಿ ನುಗ್ಗುವುದರಿಂದ ಇದು ರೋಗಕ್ಕಿಂತ ಕೆಟ್ಟ ಔಷಧ.

ಈ ಪುಟದಲ್ಲಿ ಎಸ್ ಎಂಬ ಒಂದೇ ಕೀಲಿಯನ್ನೊತ್ತಿದರೆ ಶೋಧಕ್ಕೆ ಹೋಗುವ ಒಳದಾರಿಯೂ ಇದೆ. ಕೆ. ಪಿ. ರಾವ್ ಅವರ ಕನ್ನಡ ವಿನ್ಯಾಸದಲ್ಲಿ ಆ ಕೀಲಿಯಿಂದ ಹುಟ್ಟುವುದು ಸಕಾರ. ಪುಟವು ಆಂಗ್ಲಾಕ್ಷರಕ್ಕಾಗಿಯೇ ಕಾದಿರುವುದರಿಂದ ಕನ್ನಡಿಗನಿಗೆ ದಾರಿ ತೆರೆಯದು. ಇಂಥ ಏಕಾಕ್ಷರದ ಒಳದಾರಿಗಳನ್ನು ನಿಲ್ಲಿಸಲು ಅಥವಾ ಬದಲಾಯಿಸಲು ಅವಕಾಶವಿರಬೇಕೆಂದು 2018ರ ಅಂತಾರಾಷ್ಟ್ರೀಯ ಸುಗಮ್ಯತಾ ನಿಯಮಾವಳಿಯೇ ವಿಧಿಸಿದೆ.

ಇಂಥ ಬಳಕೆದಾರರು ವಿರಳರೆಂದು ಆಕ್ಷೇಪಿಸಬಹುದು. ಬಾಗಿಲು ಮುಚ್ಚಿ, ಬಂದವರಿಲ್ಲವೆಂದು ಲೆಕ್ಕಹಾಕುವುದು ಎಂತಹ ತರ್ಕ? 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವಂತೂ ಎಣಿಕೆಯನ್ನು ಕೇಳುವುದಿಲ್ಲ. ಆ ಪುಟದವರು ಮೊದಲು ತಾಲ್ಲೂಕುಪಟ್ಟಿಯನ್ನು ಸರಿಪಡಿಸಲಿ. ಸೌಂದರ್ಯಕ್ಕೆ ಕುಂದೆಂದು ಅಳಿಸಿರುವ, ನಾವು ನಿಂತ ಸ್ಥಳವನ್ನು ತೋರುವ ಆ ಗೆರೆಯನ್ನೂ ಮರಳಿ ಎಳೆಯಲಿ.