ಚಳಿಗೆ ಸಡಿಲಾಗುವ ಹಗ್ಗ

ಸಣ್ಣ ಹಾಯಿದೋಣಿಯ ಕಂಬವನ್ನು ಬಿಗಿದು ನಿಲ್ಲಿಸುವ ಉಕ್ಕಿನ ತಂತಿ ಬಿಚ್ಚಿ ಡೈನೀಮಾ ಹಗ್ಗ ಕಟ್ಟಿದವರು ಮೊದಲ ಚಳಿಗಾಲದ ಬೆಳಿಗ್ಗೆ ಗಾಬರಿಯಾಗುವುದುಂಟು. ನಿನ್ನೆ ಮಧ್ಯಾಹ್ನ ತಂಬೂರಿಯ ತಂತಿಯಂತೆ ಬಿಗಿದಿದ್ದದ್ದು ಇವತ್ತು ಮುಟ್ಟಿದರೆ ಅಲುಗುತ್ತದೆ. ಹಗ್ಗ ಕೆಟ್ಟಿರುವುದಿಲ್ಲ. ಚಳಿಗೆ ಅಲ್ಯೂಮಿನಿಯಂ ಹಾಯಿಕಂಬ ಕುಗ್ಗುತ್ತದೆ; ಡೈನೀಮಾ ಲೋಹಗಳಿಗೆ ತದ್ವಿರುದ್ಧವಾಗಿ ತಣ್ಣಗಾದಷ್ಟೂ ತುಸು ಉದ್ದವಾಗುತ್ತದೆ. ಹತ್ತು ಮೀಟರ್ ಕಂಬಕ್ಕೆ 30 ಡಿಗ್ರಿ ಇಳಿದರೆ ಎರಡಕ್ಕೂ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ. ಬಿಸಿಲೇರಿದರೆ ಮತ್ತೆ ಬಿಗಿ.

ನೆದರ್ಲೆಂಡ್ಸ್‌ನ ಡಿಎಸ್ಎಂ ಕಂಪನಿ ಮೊದಲು ತಯಾರಿಸಿದ ಈ ಪಾಲಿಎಥಿಲೀನ್ ನಾರು ನೀರಿನಲ್ಲಿ ತೇಲುತ್ತದೆ. ಅಷ್ಟೇ ಬಲದ ತಂತಿಗಿಂತ ಎಷ್ಟೋ ಹಗುರ. ಕಂಬದ ಮೇಲ್ಭಾಗದ ಭಾರ ಇಳಿದಷ್ಟೂ ಗಾಳಿಗೆ ದೋಣಿ ವಾಲುವುದು ಕಡಿಮೆ.

ಆದರೆ ಬಲವನ್ನು ಮಾತ್ರ ನೋಡಿ ಹಗ್ಗದ ದಪ್ಪ ಆರಿಸಿದರೆ ಕೆಟ್ಟಿತು. ಸದಾ ಎಳೆತದಲ್ಲಿರುವ ಡೈನೀಮಾ ನಿಧಾನಕ್ಕೆ, ಹಿಂದಿರುಗದಂತೆ ಉದ್ದವಾಗುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ತುಂಡಾಗದಿರಲು ಬೇಕಾದದ್ದಕ್ಕಿಂತ ದಪ್ಪನೆಯ ಹಗ್ಗ ಹಾಕುವುದು ಈ ಕಾರಣಕ್ಕೇ. ಐಸ್‌ಲೆಂಡ್‌ನ ಹಾಂಪಿದ್ಯನ್ ಕಂಪನಿಯ ಡೈನೆಕ್ಸ್ ಡಕ್ಸ್ ಹಗ್ಗವನ್ನಂತೂ ಶಾಖ ಕೊಟ್ಟು, ಎಳೆದು ಹದಮಾಡಿಯೇ ಮಾರುತ್ತಾರೆ.

ಗಂಟು ಮಾತ್ರ ಸಲ್ಲದು. ನಾರು ಬೆಣ್ಣೆಯಷ್ಟು ನುಣುಪು, ಗಂಟು ಜಾರುತ್ತದೆ. ಜಾರದಿದ್ದರೂ ಹಗ್ಗದ ಅರ್ಧ ಬಲವನ್ನು ನುಂಗುತ್ತದೆ. ಸ್ಪ್ಲೈಸ್ ಮಾಡುವುದೇ ದಾರಿ, ಈ ಕೆಲಸದ ನಿಜವಾದ ಸೊಗಸೂ ಅದೇ. ಹನ್ನೆರಡು ಎಳೆಯ ಜಡೆ ಒಳಗೆ ಟೊಳ್ಳು. ತುದಿಯನ್ನು ಕುಣಿಕೆ ತಿರುಗಿಸಿ ಹಗ್ಗದ ಹೊಟ್ಟೆಯೊಳಗೇ ತೂರಿಸಬೇಕು, ವ್ಯಾಸದ 72 ಪಟ್ಟು ಉದ್ದಕ್ಕೆ. ಏಳು ಮಿಲಿಮೀಟರ್ ಹಗ್ಗಕ್ಕೆ ಅರ್ಧ ಮೀಟರ್ ಆಯಿತು. ಒಳಗೆ ಹೋಗುವ ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಇಲಿಬಾಲದಂತೆ ಸಣ್ಣಗಾಗಿಸಬೇಕು. ಎಳೆತ ಹೆಚ್ಚಿದಷ್ಟೂ ಹೊರಜಡೆ ಒಳಗಿನದನ್ನು ಹಿಂಡಿ ಹಿಡಿಯುತ್ತದೆ. ತಾಳ್ಮೆಯಿದ್ದರೆ ಯಂತ್ರವಿಲ್ಲದೆ, ಮನೆಯ ಜಗಲಿಯಲ್ಲೇ ಕೂತು ಮಾಡಬಹುದಾದ ಕೆಲಸ.

ಸ್ಟೇನ್‌ಲೆಸ್ ತಂತಿಯ ತುಕ್ಕು ತುದಿಯ ಲೋಹದ ಹಿಡಿಕೆಯ (ಟರ್ಮಿನಲ್) ಒಳಗೆ ಅಡಗಿರುತ್ತದೆ, ಒಂದು ದಿನ ಸದ್ದಿಲ್ಲದೆ ಕೈಕೊಡುತ್ತದೆ. ಹಗ್ಗ ಹಾಗಲ್ಲ, ಉಜ್ಜಿದ ಕಡೆ ರೋಮವೆದ್ದು ತಾನೇ ತೋರಿಸುತ್ತದೆ. ಅದಕ್ಕೂ ವೈರಿಗಳಿದ್ದಾರೆ: ಬಿಸಿಲು, ಮತ್ತು ಹಳೆಯ ತಂತಿ ಕೊರೆದು ಬಿಟ್ಟುಹೋದ ಲೋಹದ ಚೂಪು. ಅದಕ್ಕೇ ಹೊಸ ಹಗ್ಗ ಏರಿಸುವ ಮುನ್ನ ಕಂಬದ ಕೊಂಡಿಗಳ ಮೇಲೆಲ್ಲ ಹತ್ತಿಯ ಉಂಡೆಯೊಂದನ್ನು ಸವರಬೇಕು. ನೂಲು ಸಿಕ್ಕಿಕೊಂಡ ಜಾಗವನ್ನು ಅರದಿಂದ ಉಜ್ಜಿ, ಇನ್ನೊಮ್ಮೆ ಹತ್ತಿ ಸವರಿ ನೋಡಬೇಕು.