ಪತ್ತೇದಾರನಿಲ್ಲದ ರಹಸ್ಯ: ಮುಂಬಯಿ ಕನ್ನಡ ಕಾದಂಬರಿಯ ಒಂದು ಓದು

ಮುಂಬಯಿಯ ಕನ್ನಡ ಕಾದಂಬರಿಗಳಲ್ಲಿ ಹೆಸರಿಟ್ಟು ನೆನೆಯುವಂಥ ಒಬ್ಬ ಪತ್ತೇದಾರನೂ ಇಲ್ಲ. ಊರನ್ನು ನೋಡಿದರೆ ಇದು ಸೋಜಿಗವೇ ಸರಿ. ಗಿರಗಾಂವಿನಲ್ಲಿ ನಮ್ಮವರ ಪಕ್ಕದ ಖೋಲಿಯ ಮರಾಠಿ ಮನೆಗಳಲ್ಲಿ ಬಾಬುರಾವ್ ಅರ್ನಾಳಕರರ ರಹಸ್ಯಕತೆಗಳು ಕೈಯಿಂದ ಕೈಗೆ ಹೋಗಿ ರಟ್ಟು ಹರಿದುಕೊಳ್ಳುತ್ತಿದ್ದ ಕಾಲವೊಂದಿತ್ತು. ಸಾವಿರಕ್ಕೂ ಮಿಕ್ಕಿ ಪುಸ್ತಕ ಬರೆದ ಅರ್ನಾಳಕರರ ಝುಂಜಾರ್, ಕಾಳಾಪಹಾಡ್‌ಗಳನ್ನು ತಿಳಿಯದ ಮರಾಠಿ ಓದುಗ ಆಗ ಅಪರೂಪ. ಇತ್ತ ಕನ್ನಡದಲ್ಲಿ, ಶಾಲೆಯ ಓದು ನಾಲ್ಕನೇ ಇಯತ್ತೆಗೇ ನಿಂತ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರನ್ನು ಮನೆಮನೆಗೆ ತಲುಪಿಸಿದ್ದರು. ಕನ್ನಡ ಬಾವುಟದ ರೂವಾರಿ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಬರೆದವರೇ. ಹೀಗೆ ಅಕ್ಕಪಕ್ಕದಲ್ಲಿ ಎರಡೆರಡು ಪರಂಪರೆಗಳಿದ್ದರೂ ಮುಂಬಯಿಯ ಕನ್ನಡ ಲೇಖಕರು ಎರಡನ್ನೂ ಮುಟ್ಟಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಇಲ್ಲಿ ಕನ್ನಡ ಸಾಹಿತ್ಯ ಬೆಳೆದದ್ದು ಸಂಘಗಳ ಸಭಾಂಗಣದಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಪರನಾಡಿನಲ್ಲಿ ಭಾಷೆ ಉಳಿಸಿಕೊಳ್ಳಬೇಕೆಂಬ ಕಾಳಜಿಯಿಂದ ಹುಟ್ಟಿದ ವೇದಿಕೆಗಳಿವು. ಅಂಥಲ್ಲಿ ಕಾದಂಬರಿ ಎಂದರೆ ವಿಚಾರಗೋಷ್ಠಿಗೆ ಒದಗುವಂಥದ್ದು, ಅಧ್ಯಕ್ಷರು ಶಾಲು ಹೊದಿಸಿ ಬಿಡುಗಡೆ ಮಾಡುವಂಥದ್ದು. ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಬಸ್ಸಿನಲ್ಲೇ ಮುಗಿಸುವ ಪುಸ್ತಕಕ್ಕೆ ಅಲ್ಲಿ ಕುರ್ಚಿ ಸಿಗುವುದಿಲ್ಲ. ಸಿಗಬೇಕಿತ್ತು ಎಂದು ನನ್ನ ವಾದ.

ಕಳೆದ ಮಳೆಗಾಲದಲ್ಲಿ ಮುಂಬಯಿಯ ಕನ್ನಡ ಕಾದಂಬರಿಗಳನ್ನು ಒಂದರ ಬೆನ್ನಿಗೊಂದು ಓದಿದೆ, ಕೆಲವನ್ನು ಮತ್ತೊಮ್ಮೆ ಓದಿದೆ. ಆಗ ಅನಿಸಿದ್ದಿಷ್ಟು: ಪತ್ತೇದಾರನಿಲ್ಲದಿದ್ದರೂ ರಹಸ್ಯಕಾದಂಬರಿ ಇಲ್ಲಿದೆ, ಅದೂ ಕನ್ನಡದ ಅತ್ಯುತ್ತಮವಾದದ್ದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಅದು. ಅದನ್ನು ಹಾಗೆಂದು ಓದುವ ಧೈರ್ಯವನ್ನು ನಾವು ಮಾಡಿಲ್ಲ. ಅಸ್ತಿತ್ವ, ಪರಕೀಯತೆ, ಕಾಫ್ಕಾ ಎಂದೆಲ್ಲ ಹೇಳಿ ಅದನ್ನು ಎತ್ತರದ ಕಪಾಟಿನಲ್ಲಿಟ್ಟಿದ್ದೇವೆ. ಮಾತು ಸುಳ್ಳಲ್ಲ, ತನ್ನ ಮೇಲಿನ ಆರೋಪ ಏನೆಂದೇ ತಿಳಿಯದೆ ಒದ್ದಾಡುವ ನಾಗಪ್ಪನಿಗೂ ಕಾಫ್ಕಾನ ಜೋಸೆಫ್ ಕೆ.ಗೂ ನಂಟಿದೆ. ಆದರೆ ‘ಶಿಕಾರಿ’ಯ ಓದುಗ ರಾತ್ರಿ ದೀಪ ಆರಿಸದೆ ಪುಟ ತಿರುವುವುದು ಅಸ್ತಿತ್ವದ ಪ್ರಶ್ನೆಗಲ್ಲ. ಯಾರು ಮಾಡಿದರು, ಏತಕ್ಕೆ ಮಾಡಿದರು, ಯಾರು ಯಾರ ಜೊತೆ ಸೇರಿದ್ದಾರೆ ಎಂದು ತಿಳಿಯುವ ತವಕಕ್ಕೆ.

ಕಟ್ಟಡದ ಜಾಣತನ ನೋಡಿ. ಸಾಮಾನ್ಯ ಪತ್ತೇದಾರಿಯಲ್ಲಿ ಅಪರಾಧ ನಡೆದಿರುತ್ತದೆ, ಅಪರಾಧಿ ಗೊತ್ತಿರುವುದಿಲ್ಲ. ಇಲ್ಲಿ ಆರೋಪಿ ಮೊದಲ ಪುಟಗಳಲ್ಲೇ ಸಿಕ್ಕಿದ್ದಾನೆ. ಅವನು ನಾಗಪ್ಪ, ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವನು, ಈಗ ಕೆಲಸದಿಂದ ದೂರ ಇರಿಸಲ್ಪಟ್ಟವನು. ಗೊತ್ತಿಲ್ಲದಿರುವುದು ಅಪರಾಧ. ಅದನ್ನು ಹುಡುಕಬೇಕಾದವನೂ ಅವನೇ. ಹೀಗೆ ಆರೋಪಿ, ಪತ್ತೇದಾರ, ಬಲಿ ಮೂವರೂ ಒಂದೇ ಮೈಯಲ್ಲಿ ಕೂತಿರುವ ಕಾದಂಬರಿಯನ್ನು ಚಿತ್ತಾಲರಿಗಿಂತ ಮೊದಲು ಕನ್ನಡದಲ್ಲಿ ಯಾರು ಬರೆದಿದ್ದರು? ಕಂಪನಿಯ ಫಿರೋಜ್ ಬಂದೂಕವಾಲಾನ ಪ್ರತಿ ನಗುವಿಗೂ ನಾಗಪ್ಪ ಅರ್ಥ ಹಚ್ಚುತ್ತಾನೆ. ಊರಿನವನೇ ಆದ ಶ್ರೀನಿವಾಸ ಮಾತಾಡಿದರೆ ಒಂದು ಸಂಶಯ, ಸುಮ್ಮನಿದ್ದರೆ ಇನ್ನೊಂದು. ಓದುಗನಿಗೆ ನಾಗಪ್ಪನಿಗೆ ತಿಳಿದಷ್ಟೇ ತಿಳಿಯುತ್ತದೆ, ನಾಗಪ್ಪನನ್ನು ಎಷ್ಟು ನಂಬಬೇಕೆಂಬುದೂ ತಿಳಿಯುವುದಿಲ್ಲ. ಸುಳಿವುಗಳನ್ನು ಹನಿಹನಿಯಾಗಿ ಬಿಡುವ ಈ ಕಲೆ ಅಪ್ಪಟ ರಹಸ್ಯಕಾದಂಬರಿಕಾರನದು.

ಚಿತ್ತಾಲರಿಗೆ ಇದೆಲ್ಲ ಎಲ್ಲಿಂದ ಬಂತು? ಅವರು ಪಾಲಿಮರ್ ವಿಜ್ಞಾನಿ. ಮುಂಬಯಿಯಲ್ಲೂ ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲೂ ಓದಿ, ಪ್ಲಾಸ್ಟಿಕ್ ಉದ್ಯಮದಲ್ಲಿ ಇಡೀ ವೃತ್ತಿಜೀವನ ಕಳೆದವರು. ಕಾರ್ಪೊರೇಟ್ ಎಂಬ ಪದ ಕನ್ನಡ ಪತ್ರಿಕೆಗಳಿಗೆ ರೂಢಿಯಾಗುವ ಮೊದಲೇ ಅದರ ಒಳಮನೆ ಕಂಡವರು. ಅಲ್ಲಿ ಯಾರೂ ಚಾಕು ಹಿಡಿಯುವುದಿಲ್ಲ. ಒಂದು ಮೆಮೊ ಬರುತ್ತದೆ, ಎಂದಿನಂತೆ ಬರಬೇಕಿದ್ದ ಫೋನು ಬರುವುದಿಲ್ಲ. ಉತ್ತರ ಕನ್ನಡದಿಂದಲೋ ಉಡುಪಿಯಿಂದಲೋ ಬಂದು, ಹೊಟೇಲಿನಲ್ಲಿ ದುಡಿದೋ ರಾತ್ರಿಶಾಲೆಯಲ್ಲಿ ಓದಿಯೋ ಆಫೀಸಿನ ಮೇಜು ಹಿಡಿದ ಕನ್ನಡಿಗನಿಗೆ ಈ ನಗರದಲ್ಲಿ ನಿಜವಾದ ಭಯ ಕೊಲೆಗಡುಕನದಲ್ಲ. ಕೆಲಸ ಹೋದರೆ ಊರಿಗೆ ಯಾವ ಮುಖ ಹೊತ್ತು ಹೋಗುವುದು ಎಂಬುದು ಅವನ ಭಯ. ಆ ಭಯಕ್ಕೆ ತಕ್ಕ ರಹಸ್ಯರೂಪವನ್ನು ಕಂಡುಕೊಂಡದ್ದೇ ‘ಶಿಕಾರಿ’ಯ ದೊಡ್ಡತನ.

ಇನ್ನು ತಕರಾರು. ಕಾದಂಬರಿಯ ನಡುಭಾಗದಲ್ಲಿ ನಾಗಪ್ಪ ವಿಪರೀತ ಯೋಚಿಸುತ್ತಾನೆ. ಒಂದು ಸಂಶಯ ಹುಟ್ಟಿ ನಮ್ಮೊಳಗೆ ಮಾಗುವ ಮೊದಲೇ ಅದರ ಮನಶ್ಶಾಸ್ತ್ರವನ್ನು ಅವನೇ ವಿವರಿಸಿಬಿಡುತ್ತಾನೆ. ಓದುಗನ ಕೆಲಸವನ್ನು ಪಾತ್ರವೇ ಮಾಡಿ ಮುಗಿಸಿದರೆ ಓದುಗ ಏನು ಮಾಡಬೇಕು? ಪತ್ತೇದಾರಿ ಬರೆಯುವವರಿಗೆ ಈ ಶಿಸ್ತು ರಕ್ತದಲ್ಲೇ ಇರುತ್ತದೆ: ವಿವರಣೆ ಕೊನೆಗೆ, ಅದೂ ಚುಟುಕಾಗಿ. ‘ಅಗ್ಗದ’ ಎನಿಸಿಕೊಂಡ ಬರವಣಿಗೆಯಿಂದ ನಮ್ಮ ಗಂಭೀರರು ಕಲಿಯಬಹುದಾಗಿದ್ದ ಪಾಠವದು, ಕಲಿಯಲಿಲ್ಲ. ಚಿತ್ತಾಲರ 1990ರ ‘ಪುರುಷೋತ್ತಮ’ದಲ್ಲಿ ಈ ದೋಷ ಇನ್ನೂ ಬೆಳೆದಿದೆ ಎಂದು ನನ್ನ ಅನಿಸಿಕೆ. (ನರಸಿಂಹಯ್ಯನವರ ಜನಪ್ರಿಯ ಪತ್ತೇದಾರನ ಹೆಸರೂ ಪುರುಷೋತ್ತಮನೇ. ಇಬ್ಬರು ಪುರುಷೋತ್ತಮರ ಓದುಗರು ಎಂದಾದರೂ ಒಬ್ಬರನ್ನೊಬ್ಬರು ಭೇಟಿಯಾಗಿದ್ದರೋ ಇಲ್ಲವೋ.)

ಎರಡನೆಯ ತಕರಾರು ಚಿತ್ತಾಲರೊಬ್ಬರದಲ್ಲ, ಪರಂಪರೆಯದೇ. ಮುಂಬಯಿಯಲ್ಲಿ ಕಟ್ಟಿಕೊಂಡ ಗಂಟು ಬಿಚ್ಚಿಕೊಳ್ಳುವುದು ಊರಲ್ಲಿ. ‘ಶಿಕಾರಿ’ಯ ಸಂಚಿನ ಬೇರು ಅಗೆಯುತ್ತ ಹೋದರೆ ಚಿತ್ತಾಲರ ಊರು ಹನೇಹಳ್ಳಿ ಸಿಗುತ್ತದೆ, ಬಾಲ್ಯ ಸಿಗುತ್ತದೆ, ಮನೆತನದ ಹಳೆಯ ಗಾಯ ಸಿಗುತ್ತದೆ. ಇದರಿಂದ ಕಾದಂಬರಿಗೆ ಆಳ ಬಂದಿರುವುದು ನಿಜ. ಆದರೆ ನಗರ ಬರೀ ಬೇಟೆಯ ಬಯಲಾಗಿ ಉಳಿಯುತ್ತದೆ, ಕಾರಣವಾಗುವುದಿಲ್ಲ. ಇದೇ ಚಿತ್ತಾಲರು 1964ರಲ್ಲಿ ಬರೆದ ‘ಮೂರು ದಾರಿಗಳು’ ಓದಿದರೆ ಇದು ಇನ್ನೂ ಸ್ಪಷ್ಟ. ಅಲ್ಲಿ ಊರಿನ ಗುಲ್ಲೊಂದು ಒಂದು ಹುಡುಗಿಯ ಬದುಕನ್ನು ನುಂಗುತ್ತದೆ. ಹದಿನೈದು ವರ್ಷದ ನಂತರ ಅದೇ ಗುಲ್ಲು ಲಿಫ್ಟ್ ಹತ್ತಿ ಆಫೀಸಿಗೆ ಬಂದಿದೆ. ಬಂದೂಕವಾಲಾನ ಮುಂಬಯಿ ಹನೇಹಳ್ಳಿಯ ಜಗಲಿಯ ಮುಂದುವರಿಕೆ ಎನ್ನುವುದಾದರೆ, ಮುಂಬಯಿಗೇ ಸೇರಿದ ಪಾಪಗಳು ಯಾವುವು? ಪಾಗಡಿ ಖೋಲಿಯ ವ್ಯಾಜ್ಯ, ಬಿಲ್ಡರನ ಗೂಂಡಾ, ಮುಚ್ಚಿದ ಗಿರಣಿಯ ಭೂಮಿ, ಪೋಲೀಸ್ ಚೌಕಿಯ ಬೆಂಚು, ಸೆಷನ್ಸ್ ಕೋರ್ಟಿನ ತಾರೀಖು, ಇವು ನಮ್ಮ ಕಾದಂಬರಿಗೆ ದೊರಕಲೇ ಇಲ್ಲ ಎನ್ನುವಷ್ಟು ಕಡಿಮೆ.

ವ್ಯಾಸರಾಯ ಬಲ್ಲಾಳರು ಈ ಮಾತಿಗೆ ಅರ್ಧ ಅಪವಾದ. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಬಂಡಾಯ’ದಲ್ಲಿ ಕಾರ್ಮಿಕ ಸಂಘಟನೆಯ ಮುಂಬಯಿ ಇದೆ. ನಗರ ಅಲ್ಲಿ ಸಂಬಳ, ಬೇಡಿಕೆ, ಮುಷ್ಕರಗಳ ಊರು. ಆದರೆ ಬಲ್ಲಾಳರಿಗೆ ಗುಟ್ಟುಗಳಲ್ಲಿ ಆಸಕ್ತಿಯಿಲ್ಲ. ಎಲ್ಲರೂ ತಂತಮ್ಮ ನಿಲುವನ್ನು ಬಾಯಿಬಿಟ್ಟು ಹೇಳುತ್ತಾರೆ. ಮನವೊಲಿಸುವ ಕಾದಂಬರಿ, ಕಾಡುವ ಕಾದಂಬರಿಯಲ್ಲ.

ಕಾಡುವವರು ಜಯಂತ ಕಾಯ್ಕಿಣಿ, ಅವರು ಬರೆದದ್ದು ಸಣ್ಣಕತೆ. ಕಾದಂಬರಿಯ ಲೇಖನದಲ್ಲಿ ಅವರನ್ನು ಎಳೆತರುವುದಕ್ಕೆ ಕಾರಣವಿದೆ. ಅವರ ‘ಒಪೆರಾ ಹೌಸ್’ ಕತೆಯಲ್ಲಿ ಸಿನಿಮಾ ಮಂದಿರ ಗುಡಿಸುವ ಹುಡುಗನಿಗೆ, ಆಟ ಮುಗಿದ ಮೇಲೆ ಯಾರೋ ಮರೆತುಹೋದ ಫ್ಲಾಸ್ಕೊಂದು ಸಿಗುತ್ತದೆ. ಯಾರದು? ಯಾರಿಗಾಗಿ ತಂದದ್ದು? ಇಲ್ಲಿ ರಹಸ್ಯ ಹುಟ್ಟುವುದು ದ್ವೇಷದಿಂದಲ್ಲ, ಅಪರಿಚಿತನ ಮೇಲಿನ ಕಳಕಳಿಯಿಂದ. ಲಕ್ಷಾಂತರ ಜನ ಮೈಗೆ ಮೈ ತಾಗಿಸಿ ಓಡಾಡಿಯೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಊರಲ್ಲಿ ಇದಕ್ಕಿಂತ ಸಹಜವಾದ ಸುಳಿವು ಇನ್ಯಾವುದು? ತೇಜಸ್ವಿನಿ ನಿರಂಜನರ ಅನುವಾದದಲ್ಲಿ ಈ ಮುಂಬಯಿ ಕತೆಗಳು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂದು ಬಂದು 2018ರ ದಕ್ಷಿಣ ಏಷ್ಯಾದ ಡಿಎಸ್‌ಸಿ ಪ್ರಶಸ್ತಿ ಪಡೆದವು. ಚಿತ್ತಾಲರ ಮುಂಬಯಿಯಲ್ಲಿ ಎದುರಾದವನೆಲ್ಲ ಶತ್ರುವಿರಬಹುದು. ಕಾಯ್ಕಿಣಿಯವರ ಮುಂಬಯಿಯಲ್ಲಿ ಎದುರಾದವನೆಲ್ಲ ನೆಂಟನಿರಬಹುದು. ನನಗೆ ಎರಡನೆಯದು ಕೆಲವೊಮ್ಮೆ ಅತಿಯಾಗಿ ಮಮತೆಯದ್ದೆನಿಸುತ್ತದೆ. ಅಷ್ಟೊಂದು ಒಳ್ಳೆಯವರು ಬೆಳಗಿನ ವಿರಾರ್ ಲೋಕಲಿನಲ್ಲಿ ಎಲ್ಲಿದ್ದಾರೆ ಎಂದು ಕೇಳಬೇಕೆನಿಸುತ್ತದೆ.

ಹೊರಗಿನವರು ಈ ಊರಿನ ಮೇಲೆ ಬರೆದ ರಹಸ್ಯಗಳ ಕತೆಯೇ ಬೇರೆ. ಎಚ್.ಆರ್.ಎಫ್. ಕೀಟಿಂಗ್ ಎಂಬ ಇಂಗ್ಲಿಷ್ ಲೇಖಕ 1964ರಲ್ಲಿ ‘ದಿ ಪರ್ಫೆಕ್ಟ್ ಮರ್ಡರ್’ ಬರೆದು ಬಾಂಬೆ ಪೋಲೀಸಿನ ಇನ್‌ಸ್ಪೆಕ್ಟರ್ ಘೋಟೆಯನ್ನು ಜಗತ್ತಿಗೆ ಪರಿಚಯಿಸಿದ. ಆಗ ಅವನು ಬಾಂಬೆಯ ಮುಖ ನೋಡಿರಲಿಲ್ಲ, ಬಂದದ್ದು ಹತ್ತು ವರ್ಷದ ನಂತರ. ಘೋಟೆ ಪ್ರೀತಿ ಹುಟ್ಟಿಸುವ ಪಾತ್ರವೇ, ಆದರೆ ಅವನ ಬಾಂಬೆ ನಕಾಶೆಯಿಂದ ಎತ್ತಿಕೊಂಡದ್ದು. ಇಲ್ಲೇ ಬದುಕಿ ಸವೆದ ನಮ್ಮವರು ನಗರವನ್ನು ತಲೆಯೊಳಗೆ ಹೊಕ್ಕು ಬರೆದರು, ಕಾಣದವನು ಬೀದಿಬೀದಿ ಸುತ್ತಿಸಿದ! 2006ರಲ್ಲಿ ವಿಕ್ರಮ್ ಚಂದ್ರರ ‘ಸೇಕ್ರೆಡ್ ಗೇಮ್ಸ್’ ಬಂತು. ಪೋಲೀಸ್ ಠಾಣೆಯ ಬೇಸರ, ಸಣ್ಣಪುಟ್ಟ ಲಂಚ, ಗ್ಯಾಂಗಿನ ಲೆಕ್ಕಾಚಾರ ಎಲ್ಲವೂ ಅದರಲ್ಲಿವೆ. ತೀರ ದಪ್ಪದ ಪುಸ್ತಕ, ಕಾಲುಭಾಗ ಕತ್ತರಿಸಿದ್ದರೆ ನಷ್ಟವಿರಲಿಲ್ಲ.

ನಮಗೆ ಹತ್ತಿರದ ಪಾಠವಿರುವುದು ಅರವಿಂದ ಅಡಿಗರಲ್ಲಿ. ಮಂಗಳೂರಿನಲ್ಲಿ ಬೆಳೆದ ಅಡಿಗರು 2011ರ ‘ಲಾಸ್ಟ್ ಮ್ಯಾನ್ ಇನ್ ಟವರ್’ನಲ್ಲಿ ಸಾಂತಾಕ್ರೂಜ್ ಪೂರ್ವದ ವಾಕೋಲಾದ ಒಂದು ಹಳೆಯ ಸೊಸೈಟಿಯನ್ನು ಎತ್ತಿಕೊಂಡಿದ್ದಾರೆ. ಬಿಲ್ಡರ್ ಕೈತುಂಬ ಹಣ ಕೊಡುತ್ತೇನೆ ಎನ್ನುತ್ತಾನೆ. ಎಲ್ಲರೂ ಒಪ್ಪುತ್ತಾರೆ, ನಿವೃತ್ತ ಮೇಷ್ಟ್ರು ಮೂರ್ತಿ ಮಾತ್ರ ಒಲ್ಲೆ ಎನ್ನುತ್ತಾರೆ. ಮುಂದೇನಾಗುತ್ತದೆ ಎಂದು ಹೇಳಿ ಓದುವವರ ಸುಖ ಕೆಡಿಸಲಾರೆ. ಇಲ್ಲಿ ದುಷ್ಟ ಹೊರಗಿನವನಲ್ಲ. ನಿನ್ನೆವರೆಗೆ ಮೇಷ್ಟ್ರ ಮನೆಗೆ ತಿಂಡಿ ಕಳಿಸುತ್ತಿದ್ದವರ ಕಣ್ಣಲ್ಲಿ ದಿನದಿನಕ್ಕೂ ಬದಲಾಗುವ ಬೆಳಕನ್ನು ಅಡಿಗರು ಹಿಡಿಯುತ್ತಾರೆ. ನೋಟೀಸ್ ಬೋರ್ಡು, ಒಪ್ಪಿಗೆಯ ಸಹಿ, ಗಡುವಿನ ತಾರೀಖು, ಇಂಥ ಒಣ ಕಾಗದಪತ್ರಗಳೇ ಕತೆಯ ಉಸಿರು ಬಿಗಿಯುತ್ತವೆ. ‘ಶಿಕಾರಿ’ಯ ಮೆಮೊದ ಭಯ ಇಲ್ಲಿ ಆಫೀಸು ಬಿಟ್ಟು ಮನೆ ಬಾಗಿಲಿಗೆ ಬಂದಿದೆ, ಮತ್ತು ಕಾರಣ ಹುಡುಕಲು ಯಾವ ಊರಿಗೂ ಓಡಬೇಕಾಗಿಲ್ಲ. ಭಾಷೆಯ ಮಟ್ಟಿಗೆ ಅಡಿಗರು ಚಿತ್ತಾಲರ ಸಮೀಪಕ್ಕೂ ಬರುವುದಿಲ್ಲ. ವ್ಯಂಗ್ಯ ಬೇಗ ಕೈಗೆ ಸಿಗುತ್ತದೆ ಅವರಿಗೆ. ಆದರೂ ಈ ಪುಸ್ತಕ ಕನ್ನಡದಲ್ಲಿ ಮೊದಲು ಹುಟ್ಟಬೇಕಿತ್ತು.

ಕರ್ನಾಟಕದ ಒಳಗೆ ಪತ್ತೇದಾರಿಯ ಮೇಲಿನ ಮಡಿವಂತಿಕೆ ಎಂದೋ ಸಡಿಲವಾಗಿದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಕೊಲೆಯ ಸಂಶಯ ಹಿಡಿದು ಹೊರಟೇ 1987ರ ಅಕಾಡೆಮಿ ಪ್ರಶಸ್ತಿ ಪಡೆಯಿತು, ‘ಜುಗಾರಿ ಕ್ರಾಸ್’ ರೋಚಕತೆಗೆ ನಾಚಿಕೊಳ್ಳಲೇ ಇಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮುಗಿಸಿದವನ ಬೆನ್ನಲ್ಲಿ ಚಳಿ ಹುಟ್ಟುವುದು ಹೇಳದೆ ಬಿಟ್ಟ ಒಂದು ಅಪರಾಧದಿಂದ. ನಾಗಪ್ಪ ಪುಟಗಟ್ಟಲೆ ವಿವರಿಸುವ ಜಾಗದಲ್ಲಿ ಶಾನಭಾಗರ ನಿರೂಪಕ ಕಾಫಿ ಹೌಸಿನಲ್ಲಿ ಕೂತು ಮಾತು ತಪ್ಪಿಸುತ್ತಾನೆ. ಹನೇಹಳ್ಳಿಯ ಚಿತ್ತಾಲ, ಗೋಕರ್ಣದ ಕಾಯ್ಕಿಣಿ, ಅಂಕೋಲೆಯ ಶಾನಭಾಗ, ಕನ್ನಡದ ಒಳ್ಳೆಯ ಸಂಶಯಗಳೆಲ್ಲ ಕರಾವಳಿಯ ಅದೊಂದು ಚಿಕ್ಕ ಪಟ್ಟಿಯಿಂದಲೇ ಬಂದಿವೆ! ಮೂವರಲ್ಲಿ ಗುಟ್ಟನ್ನು ಗುಟ್ಟಾಗಿಯೇ ಇಡುವ ಸಂಯಮ ಶಾನಭಾಗರಿಗೆ ಹೆಚ್ಚು. ಆದರೆ ಭಯದ ವಿಸ್ತಾರ ‘ಶಿಕಾರಿ’ಯಲ್ಲೇ ಹೆಚ್ಚು, ಆ ಮಟ್ಟಕ್ಕೆ ಇನ್ನೊಂದು ಏರಿಲ್ಲ.

ಹಾಗಾಗಿ ಮುಂಬಯಿ ಕನ್ನಡ ಕಾದಂಬರಿಯ ಬಗ್ಗೆ ನನ್ನ ತೀರ್ಪು ಇದು: ಅದು ಈ ನಗರಕ್ಕೆ ಅಂಜುವುದನ್ನು ಅದ್ಭುತವಾಗಿ ಬರೆದಿದೆ, ನಗರವನ್ನು ತನಿಖೆ ಮಾಡಿಲ್ಲ. ಇಲ್ಲೇ ಹುಟ್ಟಿ ಬೆಳೆದು, ಊರೆಂದರೆ ಮೇ ತಿಂಗಳ ರಜೆ ಎಂದಷ್ಟೇ ಬಲ್ಲ ಹೊಸ ತಲೆಮಾರಿನವರಿಂದ ಅದನ್ನು ನಿರೀಕ್ಷಿಸಬಹುದು. ಅವರಲ್ಲಿ ಕನ್ನಡ ಬರೆಯಬಲ್ಲವರು ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಅಂಥವರು ಒಂದು ಸಂಕೋಚ ಬಿಡಬೇಕು. ಡೊಂಬಿವಲಿಯ ಸೊಸೈಟಿಯ ಜಗಳವನ್ನೋ, ಫೋರ್ಟಿನ ಹೊಟೇಲಿನಿಂದ ಒಂದು ರಾತ್ರಿ ಕಾಣೆಯಾದ ಮಾಣಿಯನ್ನೋ ಹಿಡಿದು, ಶುದ್ಧ ಪತ್ತೇದಾರಿ ಕಾದಂಬರಿಯನ್ನು, ಹಾಗೆಂದೇ ಹೆಸರಿಟ್ಟು ಬರೆಯಲಿ. ಸಂಘಗಳೂ ಅದಕ್ಕೊಂದು ಬಿಡುಗಡೆ ಸಮಾರಂಭ ಮಾಡಲಿ. ಇನ್ನು ಓದುಗರಿಗೆ: ‘ಶಿಕಾರಿ’ಯನ್ನು ಈವರೆಗೆ ಓದದಿದ್ದವರು ಮುನ್ನುಡಿ, ವಿಮರ್ಶೆ ಯಾವುದನ್ನೂ ಮುಟ್ಟದೆ, ಕತೆ ಯಾರಿಂದಲೂ ಕೇಳದೆ, ನೇರ ಮೊದಲ ಅಧ್ಯಾಯದಿಂದ ಶುರುಮಾಡಿ.