ಬಾಗಿಲು ತೆರೆದವರು, ಬೋನು ಇಟ್ಟವರು

1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಫುಸಾಜಿರೊ ಯಮೌಚಿ ಎಂಬವರು ಆಟದ ಎಲೆಗಳನ್ನು ತಯಾರಿಸುವ ಒಂದು ಅಂಗಡಿ ತೆರೆದರು. ಹೂಗಳ ಚಿತ್ರವಿರುವ ಆ ಎಲೆಗಳಿಗೆ ಹನಫುದ ಎಂದು ಹೆಸರು. ಮನೆಮಂದಿ ಅದನ್ನು ಆಡುತ್ತಿದ್ದರು, ಜೂಜುಕೋರರೂ ಆಡುತ್ತಿದ್ದರು. ಆ ಅಂಗಡಿಯೇ ಬೆಳೆದು ವಿಡಿಯೋ ಗೇಮ್ ಲೋಕದ ದೈತ್ಯ ನಿಂಟೆಂಡೊ ಆಯಿತು. ಒಂದೇ ಎಲೆಕಟ್ಟು ಮನೆಯೊಳಗೂ ಸಲ್ಲುತ್ತದೆ, ಜೂಜಿನ ಅಡ್ಡೆಯಲ್ಲೂ ಸಲ್ಲುತ್ತದೆ. ಈ ಉದ್ಯಮದ ಈಚಿನ ಚರಿತ್ರೆಯನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ವ್ಯಾಪಾರಶಾಸ್ತ್ರದ ತರಗತಿಗಳಲ್ಲಿ 'ಡಿಸ್ರಪ್ಷನ್' ಎಂಬುದು ಈಗ ಮಂತ್ರದಂತಾಗಿದೆ. ಹಾರ್ವರ್ಡ್‌ನ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್ಸನ್ 1997ರಲ್ಲಿ ಬರೆದ 'ದಿ ಇನ್ನೋವೇಟರ್ಸ್ ಡೈಲೆಮಾ' ಇದರ ಮೂಲಗ್ರಂಥ. ಅವರ ವಾದ ಸರಳ. ದೊಡ್ಡ ಕಂಪೆನಿಗಳು ಸೋಲುವುದು ಮೂರ್ಖತನದಿಂದಲ್ಲ, ಜಾಣತನದಿಂದ. ಅವು ತಮ್ಮ ಅತ್ಯುತ್ತಮ ಗ್ರಾಹಕರ ಮಾತು ಕೇಳಿ ಸರಕನ್ನು ಇನ್ನಷ್ಟು ಉತ್ತಮಗೊಳಿಸುತ್ತಾ ಹೋಗುತ್ತವೆ. ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಬರುತ್ತಾನೆ. ಅವನ ಸರಕು ಕಳಪೆ, ಆದರೆ ಅಗ್ಗ ಮತ್ತು ಸುಲಭ. ಇದುವರೆಗೆ ಗ್ರಾಹಕರೇ ಅಲ್ಲದವರು ಅದನ್ನು ಕೊಳ್ಳುತ್ತಾರೆ. ಮೇಲಿದ್ದವನಿಗೆ ಎಚ್ಚರವಾಗುವಾಗ ಕಾಲ ಮಿಂಚಿರುತ್ತದೆ.

ವಿಡಿಯೋ ಗೇಮ್ ಉದ್ಯಮದಲ್ಲಿ ಈ ಮಾತಿಗೆ ಪುರಾವೆ ಪುಸ್ತಕಕ್ಕಿಂತ ಮೊದಲೇ ಇತ್ತು. ನಿಂಟೆಂಡೊದ ಇಂಜಿನಿಯರ್ ಗುನ್ಪೆ ಯೊಕೊಯ್ ಹೊಸ ತಂತ್ರಜ್ಞಾನದ ಬೆನ್ನು ಹತ್ತಿದವರಲ್ಲ. ಹಳತಾಗಿ, ಅಗ್ಗವಾಗಿ, ಎಲ್ಲರಿಗೂ ಪಳಗಿದ 'ಬಾಡಿದ' ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚಬೇಕೆಂಬುದು ಅವರ ಸೂತ್ರ. 1989ರಲ್ಲಿ ಬಂದ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ, ಪರದೆ ಮಂಕಾಗಿತ್ತು. ಎದುರಾಳಿ ಸೆಗಾ 1990ರಲ್ಲಿ ಬಣ್ಣದ ಗೇಮ್ ಗೇರ್ ತಂದಿತು. ಆದರೆ ಅದು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತಿತ್ತು. ನಾಲ್ಕು ಬ್ಯಾಟರಿಯ ಗೇಮ್ ಬಾಯ್ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬಾಳುತ್ತಿತ್ತು. ಗೆದ್ದದ್ದು ಮಂಕು ಪರದೆಯೇ.

ಈ ಸೂತ್ರ ಅತಿ ದೊಡ್ಡ ಫಲ ಕೊಟ್ಟದ್ದು 2006ರಲ್ಲಿ. ಅದಕ್ಕೆ ಮುಂಚೆ ಸೋನಿಯ ಪ್ಲೇಸ್ಟೇಷನ್ 2ರ ಎದುರು ನಿಂಟೆಂಡೊ ಹೀನಾಯವಾಗಿ ಸೋತಿತ್ತು. ಸೋನಿ ಮತ್ತು ಮೈಕ್ರೋಸಾಫ್ಟ್ ಇನ್ನಷ್ಟು ಶಕ್ತಿಯ ಯಂತ್ರಗಳ ಪೈಪೋಟಿಗಿಳಿದಾಗ, ನಿಂಟೆಂಡೊದ ಅಧ್ಯಕ್ಷ ಸತೊರು ಇವಾಟ ಬೇರೆ ಪ್ರಶ್ನೆ ಕೇಳಿದರು: ಆಡದವರು ಯಾಕೆ ಆಡುತ್ತಿಲ್ಲ? ಹತ್ತಾರು ಗುಂಡಿಗಳ ನಿಯಂತ್ರಕವನ್ನು ಕಂಡರೆ ಹೆದರುವವರ ಕೈಗೆ ಟಿವಿ ರಿಮೋಟಿನಂಥ ಕಡ್ಡಿಯೊಂದನ್ನು ಕೊಟ್ಟರು. ಕೈ ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟು ಬೀಸುತ್ತಿತ್ತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 3 ಬಿಡುಗಡೆಯಾದಾಗ ಅದರ ಬೆಲೆ 499 ಮತ್ತು 599 ಡಾಲರ್. ವೀ ಎಂಬ ಈ ಯಂತ್ರದ್ದು 249 ಡಾಲರ್. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಆಡಿದರು. ವೃದ್ಧಾಶ್ರಮಗಳಲ್ಲಿ ಬೌಲಿಂಗ್ ನಡೆಯಿತು. 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ವ್ಯಾಪಾರಶಾಸ್ತ್ರದ ಅಧ್ಯಾಯ ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ಆದರೆ ಕಥೆ ಮುಗಿಯಲಿಲ್ಲ. ಬುಡಮೇಲು ಮಾಡಿದವನನ್ನೇ ಇನ್ನೊಬ್ಬ ಬುಡಮೇಲು ಮಾಡಿದ. 2008ರ ಜುಲೈಯಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆಯಿತು. ಅಲ್ಲಿ ಆಟಗಳು ಒಂದು ಡಾಲರಿಗೆ ಸಿಕ್ಕವು. 2009ರ ಅಕ್ಟೋಬರಿನಲ್ಲಿ, ಉಚಿತವಾಗಿ ಕೊಟ್ಟ ಆಟದ ಒಳಗೂ ವಸ್ತುಗಳನ್ನು ಮಾರಬಹುದೆಂದು ಆಪಲ್ ಅನುಮತಿಸಿತು. ಈ ಸಣ್ಣ ಬದಲಾವಣೆ ಇಡೀ ಉದ್ಯಮದ ದಿಕ್ಕನ್ನೇ ತಿರುಗಿಸಿತು. ಫೋನು ಹೇಗೂ ಜೇಬಿನಲ್ಲಿದೆ, ಆಟಕ್ಕೆ ದುಡ್ಡಿಲ್ಲ. ಇದಕ್ಕಿಂತ ಅಗ್ಗ ಇನ್ನೇನಿದೆ? ಬೇರೆ ಯಂತ್ರ ಯಾಕೆ ಕೊಳ್ಳಬೇಕು? ನಿಂಟೆಂಡೊ ನಷ್ಟ ಕಂಡಿತು. 2012ರಲ್ಲಿ ಬಂದ ವೀ ಯು ಕೇವಲ 1.35 ಕೋಟಿ ಮಾರಾಟವಾಯಿತು. 2014ರಲ್ಲಿ ಇವಾಟ ತನ್ನ ಸಂಬಳವನ್ನು ಕೆಲವು ತಿಂಗಳ ಮಟ್ಟಿಗೆ ಅರ್ಧಕ್ಕಿಳಿಸಿಕೊಂಡರು.

ಕ್ರಿಸ್ಟೆನ್ಸನ್ ಅವರ ಅಳತೆಗೋಲಿನಲ್ಲಿ ವೀ ಮತ್ತು ಉಚಿತ ಆಟ ಎರಡೂ ಒಂದೇ. ಎರಡೂ ಅಗ್ಗ, ಎರಡೂ ಸುಲಭ, ಎರಡೂ ಆಡದವರನ್ನು ಒಳಗೆ ಕರೆದವು. ಇಲ್ಲಿಯೇ ಈ ಸಿದ್ಧಾಂತದ ಕುರುಡುತನವಿದೆ. ಬಾಗಿಲು ಯಾರು ತೆರೆದರು, ಎಷ್ಟು ಮಂದಿ ಒಳಬಂದರು ಎಂದು ಅದು ಲೆಕ್ಕ ಇಡುತ್ತದೆ. ಒಳಬಂದವರಿಗೆ ಮುಂದೇನಾಯಿತು ಎಂದು ಕೇಳುವುದಿಲ್ಲ.

ವೀ ಕೊಂಡವನು ಒಮ್ಮೆ ದುಡ್ಡು ಕೊಟ್ಟು ಮನೆಗೆ ಹೋದ. ಅವನಿಗೆ ಆಟ ಖುಷಿ ಕೊಟ್ಟರೆ ಕಂಪೆನಿಯ ಕೆಲಸ ಮುಗಿಯಿತು. ಉಚಿತ ಆಟದ ಕಂಪೆನಿಗೆ ಖುಷಿಯಿಂದ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಬೇಕಾದದ್ದು ಖುಷಿಗೆ ಬೀಳುವ ತಡೆ. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾ ಆಟದಲ್ಲಿ ಆಟಗಾರನಿಗೆ ಐದು ಜೀವ. ಕಳಕೊಂಡ ಪ್ರತಿ ಜೀವಕ್ಕೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಗೆಳೆಯರಲ್ಲಿ ಬೇಡಬೇಕು, ಅಥವಾ ದುಡ್ಡು ಕೊಡಬೇಕು. ಹೆಚ್ಚಿನವರು ಕಾಸು ಬಿಚ್ಚುವುದಿಲ್ಲ. ಬಿಚ್ಚುವ ಕೆಲವರ ಮೇಲೆಯೇ ವ್ಯಾಪಾರ ನಿಂತಿದೆ. ಅಂಥವರಿಗೆ ಈ ಉದ್ಯಮ ಇಟ್ಟ ಹೆಸರು 'ತಿಮಿಂಗಿಲ'. ಗಿರಾಕಿಯನ್ನು ಬೇಟೆಯ ಪ್ರಾಣಿಯ ಹೆಸರಿನಿಂದ ಕರೆಯುವ ವ್ಯಾಪಾರದ ಬಗ್ಗೆ ಹೆಚ್ಚು ವಿವರಣೆ ಬೇಕೇ? ಜೂಜಿನ ಕಸಿನೊಗಳು ದೊಡ್ಡ ಮೊತ್ತ ಹೂಡುವವರನ್ನು ಕರೆಯುವುದೂ ಅದೇ ಹೆಸರಿನಿಂದ.

ನಿಂಟೆಂಡೊ ಕೂಡ ಈ ಪರೀಕ್ಷೆಗೆ ಕೂತಿತು. 2016ರ ಡಿಸೆಂಬರಿನಲ್ಲಿ ಅದು ಫೋನಿಗೆ ಸೂಪರ್ ಮಾರಿಯೊ ರನ್ ತಂದಿತು. ಸ್ವಲ್ಪ ಆಡಿ ನೋಡಿ, ಇಷ್ಟವಾದರೆ ಒಮ್ಮೆ 10 ಡಾಲರ್ ಕೊಡಿ, ಆಮೇಲೆ ಎಲ್ಲವೂ ನಿಮ್ಮದು. ಕೋಟಿಗಟ್ಟಲೆ ಜನ ಇಳಿಸಿಕೊಂಡರು. ಆದರೆ ನಿರೀಕ್ಷಿಸಿದ ಲಾಭ ಬರಲಿಲ್ಲವೆಂದು ಕಂಪೆನಿಯೇ ಒಪ್ಪಿಕೊಂಡಿತು. ಎರಡು ತಿಂಗಳ ನಂತರ ಬಂದ ಫೈರ್ ಎಂಬ್ಲಮ್ ಹೀರೋಸ್ ಉಚಿತ, ಆದರೆ ಒಳಗೆ ಲಾಟರಿ. ದುಡ್ಡು ಕೊಟ್ಟರೆ ಯಾವ ವೀರ ಸಿಗುತ್ತಾನೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅದು ಹಣದ ಹೊಳೆ ಹರಿಸಿತು. ನೇರ ಬೆಲೆ ಸೋತಿತು, ಲಾಟರಿ ಗೆದ್ದಿತು. ಹನಫುದ ಎಲೆ ಮತ್ತೆ ಅಡ್ಡೆಗೆ ಹೋಯಿತು.

ಕಂಪೆನಿಗಳು ಇದನ್ನು ಗ್ರಾಹಕನ ಆಯ್ಕೆ ಎನ್ನುತ್ತವೆ. ಯಾರೂ ಬಲವಂತ ಮಾಡಿಲ್ಲವಲ್ಲ? ನಿಜ, ಆದರೆ ಬೋನಿಗೂ ಯಾರೂ ಇಲಿಯನ್ನು ತಳ್ಳುವುದಿಲ್ಲ. 2012ರಲ್ಲಿ ಜಪಾನ್ ಇಂಥ ಲಾಟರಿಯ ಒಂದು ಬಗೆಯನ್ನು ನಿಷೇಧಿಸಿತು. 2018ರಲ್ಲಿ ಬೆಲ್ಜಿಯಂ, ಆಟದೊಳಗಿನ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದೇ ಘೋಷಿಸಿತು. ನಮ್ಮಲ್ಲೂ ಆನ್‌ಲೈನ್ ಹಣದಾಟಗಳ ವಿರುದ್ಧ ಕರ್ನಾಟಕ 2021ರಲ್ಲಿ ಕಾನೂನು ತಂದಿತು. 2022ರಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದಾಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಆದರೆ ಈ ಚರ್ಚೆಯೆಲ್ಲ ನಡೆದದ್ದು ಹಣ ಗೆಲ್ಲುವ ಆಸೆ ಹುಟ್ಟಿಸುವ ಆಟಗಳ ಸುತ್ತ. ಗೆಲ್ಲಲು ಒಂದು ಪೈಸೆಯೂ ಇಲ್ಲದೆ ಮಕ್ಕಳ ಕೈಯಿಂದ ಅಪ್ಪನ ದುಡ್ಡು ಖರ್ಚು ಮಾಡಿಸುವ ಆಟಗಳ ಬಗ್ಗೆ ನಾವಿನ್ನೂ ಸರಿಯಾಗಿ ಮಾತೇ ಆರಂಭಿಸಿಲ್ಲ.

ಬೇರೆ ದಾರಿಯೇ ಇಲ್ಲವೆಂದೂ ಹೇಳಲಾಗದು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್, ಮುಖ್ಯವಾಗಿ ಆಟಕ್ಕೆ ಒಮ್ಮೆ ಬೆಲೆ ಕಟ್ಟಿ ಮಾರುವ ಹಳೆಯ ಪದ್ಧತಿಯಲ್ಲೇ 15 ಕೋಟಿಗೂ ಹೆಚ್ಚು ಮನೆಮಂದಿಯ ಕೈ ಸೇರಿತು. ಆದುದರಿಂದ ಬೋನು ಇಡುವುದು ಕಾಲದ ಅನಿವಾರ್ಯವಲ್ಲ, ಕಂಪೆನಿಗಳು ಮಾಡಿಕೊಂಡ ಆಯ್ಕೆ. ಬೆಂಗಳೂರಿನಲ್ಲೂ ನಮ್ಮ ಹುಡುಗ ಹುಡುಗಿಯರು ಗೇಮ್ ಕಂಪೆನಿಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಕ್ರಿಸ್ಟೆನ್ಸನ್ ಅವರನ್ನು ಪಾಠ ಮಾಡುವಾಗ ಅಧ್ಯಾಪಕರು ಒಂದು ಪ್ರಶ್ನೆಯನ್ನು ಸೇರಿಸಿದರೆ ಸಾಕು: ನೀನು ಒಳಗೆ ಕರೆದವನು ತನಗೆ ಬೇಕೆನಿಸಿದಾಗ ಎದ್ದು ಹೊರಗೆ ಹೋಗಬಲ್ಲನೇ?